ಅತ್ತವರ ನಡುವೆ ಬಾಳಿದ ದೊಡ್ಡ ಸ್ವಾಮಿಗಳು



ನವೆಂಬರ್ ತಿಂಗಳನ್ನು ನಮ್ಮ ಧರ್ಮಸಭೆ ಅಗಲಿದವರಿಗಾಗಿ ಮೀಸಲಿಟ್ಟಿದೆ. 2ನೇ ತಾರೀಖು ನಾವೆಲ್ಲ ಸಮಾಧಿಗಳ ಸುತ್ತಲಿನ ಹುಲ್ಲು ಕಿತ್ತು, ಸುಣ್ಣ ಬಳಿದು, ಹೂವಿಟ್ಟು ಮೇಣದಬತ್ತಿ ಹಚ್ಚುತ್ತೇವೆ. ಫಾದರ್ ತೀರ್ಥ ಚಿಮುಕಿಸುತ್ತಾ ಬರುವಾಗ ಒಬ್ಬೊಬ್ಬರೂ ತಮ್ಮವರ ಹೆಸರನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾರೆ. ಕೆಲವರು ತಮಿಳಿನಲ್ಲಿ, ಕೆಲವರು ತೆಲುಗಿನಲ್ಲಿ, ಕೆಲವರು ಕನ್ನಡದಲ್ಲಿ ಅಳುತ್ತಾರೆ. ನಮ್ಮ ಹೊಸೂರು ಸೀಮೆಯಲ್ಲಿ ಪ್ರಾರ್ಥನೆಯ ಭಾಷೆ ಮೂರು ಇರಬಹುದು, ಕಣ್ಣೀರಿನ ಭಾಷೆ ಒಂದೇ.

ಈ ಸಂಚಿಕೆಗೆ ದುಃಖ ಮತ್ತು ದೇವರ ಸಾಂತ್ವನದ ಬಗ್ಗೆ ಏನಾದರೂ ಬರೆಯಬೇಕೆಂದಾಗ, ಉಪದೇಶ ಮಾಡುವುದು ಗುರುಗಳ ಕೆಲಸ, ನಾನು ಒಬ್ಬರ ಜೀವನವನ್ನು ಹೇಳುತ್ತೇನೆ ಎಂದುಕೊಂಡೆ. ಅವರು ಸಂತರೆಂದು ಘೋಷಿತರಾದವರಲ್ಲ. ಇತಿಹಾಸದ ಪುಸ್ತಕಗಳಲ್ಲಿ ಅವರ ಹೆಸರು ಬೇರೆ ಕಾರಣಕ್ಕೆ ಪ್ರಸಿದ್ಧ. ಆದರೆ ಅತ್ತು ಬಳಲಿದ ಜನರ ನಡುವೆ ಮೂವತ್ತು ವರ್ಷ ಬಾಳಿದ ಗುರು ಎಂದು ನಾವು, ಕನ್ನಡ ಕ್ರೈಸ್ತರು, ಅವರನ್ನು ನೆನೆಯಬೇಕು. ಅವರೇ ಅಬ್ಬೆ ದುಬ್ವಾ. 'ಅಬ್ಬೆ' ಅವರ ಹೆಸರಲ್ಲ. ಫ್ರೆಂಚರು ಗುರುಗಳನ್ನು ಗೌರವದಿಂದ ಕರೆಯುವ ರೀತಿ ಅದು. ಪೂರ್ಣ ಹೆಸರು ಜಾನ್ ಆಂಟ್ವಾನ್ ದುಬ್ವಾ. ಇಂಗ್ಲಿಷ್ ಅಕ್ಷರಗಳನ್ನು ನೋಡಿ ನಮ್ಮವರು ದುಬಾಯ್ ಎಂದೂ ಹೇಳುತ್ತಾರೆ. ಮೈಸೂರು ಸೀಮೆಯ ಜನರ ಬಾಯಲ್ಲಿ ಮಾತ್ರ ಅವರು 'ದೊಡ್ಡ ಸ್ವಾಮಿಯೋರು'.

ಉರಿಯುವ ಮನೆಯನ್ನು ಬಿಟ್ಟು ಬಂದ ಯುವಕ

ದುಬ್ವಾ ಅವರು ಫ್ರಾನ್ಸ್ ದೇಶದ ದಕ್ಷಿಣ ಭಾಗದ ಆರ್ದೆಷ್ ಪ್ರಾಂತ್ಯದ ಸೇಂಟ್ ರೆಮೇಜ್ ಎಂಬ ಹಳ್ಳಿಯವರು. 1766ರ ಜನವರಿಯಲ್ಲಿ ಅವರ ಜ್ಞಾನಸ್ನಾನವಾಯಿತು. ಅವರು ಗುರುದೀಕ್ಷೆ ಪಡೆದ 1792ನೇ ವರ್ಷ ಫ್ರಾನ್ಸಿನ ಗುರುಗಳಿಗೆ ಅತ್ಯಂತ ಕಷ್ಟದ ವರ್ಷ. ಕ್ರಾಂತಿಯ ಸರ್ಕಾರ ಗುರುಗಳೆಲ್ಲ ತನ್ನ ಕಾನೂನಿಗೆ ಪ್ರಮಾಣ ಮಾಡಬೇಕೆಂದು ಹಟ ಹಿಡಿದಿತ್ತು. ಮಾಡದವರನ್ನು ಹಿಡಿದು ಸೆರೆಗೆ ತಳ್ಳುತ್ತಿದ್ದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಪ್ಯಾರಿಸ್ಸಿನ ಸೆರೆಮನೆಗಳಿಗೆ ಜನರ ಗುಂಪು ನುಗ್ಗಿ ಇನ್ನೂರಕ್ಕೂ ಹೆಚ್ಚು ಗುರುಗಳನ್ನು ಕೊಂದುಹಾಕಿತು. ಅವರಲ್ಲಿ ಹಲವರನ್ನು ಧರ್ಮಸಭೆ 1926ರಲ್ಲಿ ರಕ್ತಸಾಕ್ಷಿಗಳೆಂದು ಗೌರವಿಸಿತು.

ಆ ಹತ್ಯೆಗೆ ಮೂರು ತಿಂಗಳ ಮೊದಲು, ಜೂನ್ ತಿಂಗಳಲ್ಲಿ, ದುಬ್ವಾ ಹಡಗು ಹತ್ತಿ ಭಾರತದ ಕಡೆಗೆ ಹೊರಟಿದ್ದರು. ವಯಸ್ಸು ಇಪ್ಪತ್ತಾರು, ನಮ್ಮ ಯುವಕರ ಸಂಘದಲ್ಲಿ ಇರುವಂಥ ವಯಸ್ಸು. ಅವರು ಪ್ಯಾರಿಸ್ಸಿನ ವಿದೇಶ ಧರ್ಮಪ್ರಚಾರ ಸಭೆಗೆ ಸೇರಿದವರು. ಈ ಸಭೆಯ ಗುರುಗಳೇ ಮುಂದೆ ನೂರೈವತ್ತು ವರ್ಷ ನಮ್ಮ ಸೀಮೆಯ ಹಳ್ಳಿಗಳಲ್ಲೂ ಮೈಸೂರಿನಲ್ಲೂ ದುಡಿದವರು. ದುಬ್ವಾ ಪಾಂಡಿಚೇರಿಗೆ ಬಂದು ಇಳಿದ ಮೇಲೆ ಅವರ ಹಿಂದೆ ಬಾಗಿಲು ಮುಚ್ಚಿಹೋಯಿತು. ಪ್ಯಾರಿಸ್ಸಿನ ಅವರ ಗುರುಮಠವನ್ನು ಕ್ರಾಂತಿಕಾರರು ವಶಪಡಿಸಿಕೊಂಡರು. ಹೊಸ ಗುರುಗಳು ಬರುವುದು ನಿಂತಿತು. ಊರಿನಿಂದ ಕಾಗದ ಬರಬೇಕಾದರೆ ತಿಂಗಳುಗಟ್ಟಲೆ ಕಾಯಬೇಕು, ಯುದ್ಧದ ಕಾಲದಲ್ಲಿ ಅದೂ ನಂಬಿಕೆಯಿಲ್ಲ.

ದುಃಖ ಎಂದರೆ ಸಾವಿನ ಮನೆ ಮಾತ್ರ ನಮ್ಮ ನೆನಪಿಗೆ ಬರುತ್ತದೆ. ಆದರೆ ಬಿಟ್ಟು ಬಂದ ಊರು, ಕೊಲೆಯಾದ ಜೊತೆಗಾರರು, ಹಿಂತಿರುಗಲಾಗದ ಮನೆ, ಇವೂ ಸಾವಿನಂಥ ಅಗಲಿಕೆಗಳೇ. ಆ ಅಗಲಿಕೆಯನ್ನು ಎದೆಯಲ್ಲಿ ಇಟ್ಟುಕೊಂಡೇ ಈ ಯುವಕ ಬೇರೆಯವರ ದುಃಖದ ಕಡೆಗೆ ನಡೆದರು.

ವೇಷ ಬದಲಾಯಿಸಿದರು, ಕಿವಿ ತೆರೆದರು

ಭಾರತಕ್ಕೆ ಬಂದ ದುಬ್ವಾ ಯುರೋಪಿಯನ್ನರ ಸಹವಾಸದಿಂದ ದೂರವೇ ಉಳಿದರು. ದೇಶೀ ಉಡುಪು ತೊಟ್ಟರು, ತಲೆಗೆ ಪೇಟ ಸುತ್ತಿದರು, ಗಡ್ಡ ಬಿಟ್ಟರು. ಜನರು ಏನು ತಿನ್ನುತ್ತಾರೋ ಅದನ್ನು, ಅವರು ತಿನ್ನುವ ರೀತಿಯಲ್ಲೇ ತಿನ್ನಲು ಕಲಿತರು. ಅವರ ಒಂದು ವರ್ಣಚಿತ್ರ ಉಳಿದುಬಂದಿದೆ. ಪೇಟ, ನಿಲುವಂಗಿ, ಕೈಯಲ್ಲಿ ದೊಣ್ಣೆ ಇರುವ ಆ ಚಿತ್ರವನ್ನು ನೋಡಿದರೆ ಯಾರೂ ಫ್ರೆಂಚ್ ಗುರುವೆಂದು ಗುರುತಿಸಲಾರರು.

ಅವರು ಕಂಡದ್ದನ್ನು, ಕೇಳಿದ್ದನ್ನು ಬರೆದಿಡುತ್ತಾ ಹೋದರು. ಆ ಹಸ್ತಪ್ರತಿಯನ್ನು ಮೈಸೂರಿನ ಬ್ರಿಟಿಷ್ ರೆಸಿಡೆಂಟರಾಗಿದ್ದ ಮಾರ್ಕ್ ವಿಲ್ಕ್ಸ್ ನೋಡಿ ಮೆಚ್ಚಿ ಮದರಾಸಿಗೆ ಕಳುಹಿಸಿದರು. ಈಸ್ಟ್ ಇಂಡಿಯಾ ಕಂಪನಿ ಅದನ್ನು 2000 ಪಗೋಡ ಕೊಟ್ಟು ಕೊಂಡುಕೊಂಡಿತು. 1816ರಲ್ಲಿ ಲಂಡನ್ನಿನಲ್ಲಿ ಅದರ ಇಂಗ್ಲಿಷ್ ಅನುವಾದ ಅಚ್ಚಾಯಿತು. ಹಿಂದೂಗಳ ನಡವಳಿಕೆ, ಪದ್ಧತಿ, ಆಚರಣೆಗಳ ಕುರಿತ ಆ ಪುಸ್ತಕದಿಂದಲೇ ಅವರ ಹೆಸರು ಲೋಕಪ್ರಸಿದ್ಧವಾದದ್ದು. ಅದರಲ್ಲಿ ಬಹುಭಾಗಕ್ಕೆ ಅವರಿಗಿಂತ ಹಿಂದಿನ ಕೂರ್ದು ಎಂಬ ಯೇಸುಸಭೆಯ ಗುರುವಿನ ಬರಹವೇ ಆಧಾರ ಎಂದು ನಮ್ಮ ಕಾಲದ ಸಂಶೋಧಕರು ತೋರಿಸಿದ್ದಾರೆ. ಅದರಲ್ಲಿ ನಮ್ಮ ಜನರ ಬಗ್ಗೆ ಕಟುವಾದ, ಇಂದು ಒಪ್ಪಲಾಗದ ತೀರ್ಪುಗಳೂ ಇವೆ. ಸತ್ಯವನ್ನು ಮುಚ್ಚಿಟ್ಟು ಯಾರನ್ನೂ ದೊಡ್ಡವರನ್ನಾಗಿ ಮಾಡಬೇಕಿಲ್ಲ.

ಆದರೂ ಆ ಪುಸ್ತಕದಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಸಾವು, ಶವಸಂಸ್ಕಾರ, ತಿಥಿ, ವಿಧವೆಯರ ಪಾಡು, ಸತಿ ಹೋಗುವ ಪದ್ಧತಿ, ಇವುಗಳ ಬಗ್ಗೆ ಅಧ್ಯಾಯಗಳೇ ಇವೆ. ಜನರು ಹೇಗೆ ಅಳುತ್ತಾರೆ, ಅತ್ತ ಮೇಲೆ ಏನು ಮಾಡುತ್ತಾರೆ, ಯಾರಿಗೆ ಅಳುವ ಹಕ್ಕಿದೆ, ಯಾರಿಗೆ ಅದೂ ಇಲ್ಲ ಎಂಬುದನ್ನೆಲ್ಲ ಅದು ವಿವರಿಸುತ್ತದೆ. ಒಬ್ಬರನ್ನು ಸಂತೈಸಬೇಕಾದರೆ ಅವರು ಯಾವ ರೀತಿ ದುಃಖಿಸುತ್ತಾರೆ ಎಂಬುದು ಮೊದಲು ಗೊತ್ತಿರಬೇಕು.

ನಮ್ಮ ದಾರಿಯಲ್ಲಿ ಹೋದ ದಂಡು

ಇನ್ನು ಅವರ ಜೀವನದ ಮುಖ್ಯ ಘಟ್ಟಕ್ಕೆ ಬರೋಣ. ಅದಕ್ಕೂ ನಮ್ಮ ಊರಿನ ಸೀಮೆಗೂ ಸಂಬಂಧವಿದೆ.

1799ರ ಮಾರ್ಚ್ ತಿಂಗಳ ಆರಂಭದಲ್ಲಿ ಜನರಲ್ ಹ್ಯಾರಿಸ್ ನೇತೃತ್ವದ ಇಂಗ್ಲಿಷ್ ದಂಡು ರಾಯಕೋಟೆಯ ಬಳಿ ಬೀಡುಬಿಟ್ಟಿತ್ತು. ಅಲ್ಲಿಂದ ಕೆಲಮಂಗಲ, ಆನೇಕಲ್ಲಿನ ಕಡೆಯಿಂದ ಅದು ಶ್ರೀರಂಗಪಟ್ಟಣಕ್ಕೆ ಸಾಗಿತು. ನಾವು ಇಂದು ಬಸ್ಸಿನಲ್ಲಿ ಓಡಾಡುವ ಇದೇ ಬಯಲುಗಳಲ್ಲಿ ಸಾವಿರಾರು ಸೈನಿಕರು, ಎತ್ತುಗಳು, ಫಿರಂಗಿಗಳು, ಹಿಂದೆ ಹಿಂದೆ ಬರುವ ಬಂಜಾರರ ದವಸದ ಹೇರುಗಳು ಸಾಗಿಹೋದವು. ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿತ್ತು, ಟಿಪ್ಪು ಸುಲ್ತಾನ್ ಯುದ್ಧದಲ್ಲಿ ಮಡಿದರು.

ಆ ಕೋಟೆಯ ಸುತ್ತಮುತ್ತ ಹದಿನೈದು ವರ್ಷಗಳಿಂದ ಒಂದು ದುಃಖ ಮಡುಗಟ್ಟಿ ನಿಂತಿತ್ತು. 1784ರಲ್ಲಿ, ಇಂಗ್ಲಿಷರಿಗೆ ಸಹಾಯ ಮಾಡಿದರೆಂಬ ಆರೋಪದ ಮೇಲೆ, ಮಂಗಳೂರು ಸೀಮೆಯ ಕ್ರೈಸ್ತರನ್ನು ಟಿಪ್ಪು ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದ್ದರು. ಅದು ವಿಭೂತಿ ಬುಧವಾರದ ದಿನ ಶುರುವಾಯಿತೆಂದು ಮಂಗಳೂರಿನ ಕ್ರೈಸ್ತರು ಇಂದಿಗೂ ನೆನೆಯುತ್ತಾರೆ. ಸೆರೆಯಾದವರ ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ಭಿನ್ನ ಲೆಕ್ಕಗಳಿವೆ. ಹತ್ತಾರು ಸಾವಿರ ಎಂಬುದರಲ್ಲಿ ಅನುಮಾನವಿಲ್ಲ. ದಾರಿಯಲ್ಲೇ ಬಹಳ ಜನ ಸತ್ತರು. ಉಳಿದವರಲ್ಲಿ ಗಂಡಸರನ್ನು ಸೈನ್ಯಕ್ಕೆ ಸೇರಿಸಿ, ಬಲವಂತದಿಂದ ಮತ ಬದಲಾಯಿಸಿದರು. ಚರ್ಚುಗಳನ್ನು ಕೆಡವಲಾಯಿತು. ಮೈಸೂರು ಸೀಮೆಯಲ್ಲಿ ಯೇಸುಸಭೆಯ ಗುರುಗಳ ಕಾಲದಿಂದ ಇದ್ದ ಕನ್ನಡ ಕ್ರೈಸ್ತರೂ ಗುರುವಿಲ್ಲದೆ, ಗುಡಿಯಿಲ್ಲದೆ ಚದುರಿಹೋದರು.

ಇದನ್ನು ಬರೆಯುವುದು ಯಾರ ಮೇಲೂ ದ್ವೇಷ ಬಿತ್ತಲು ಅಲ್ಲ. ಟಿಪ್ಪುವಿನ ಬಗ್ಗೆ ಇಂದಿಗೂ ವಾದವಿವಾದಗಳಿವೆ, ಆ ಕಾಲದ ಅರಸರೆಲ್ಲರ ಕೈಯಲ್ಲೂ ರಕ್ತವಿತ್ತು. ಇಂದು ನಮ್ಮ ಪಕ್ಕದ ಮನೆಯ ಮುಸಲ್ಮಾನ ಅಣ್ಣತಮ್ಮಂದಿರಿಗೂ ಆ ದಿನಗಳಿಗೂ ಯಾವ ಲೆಕ್ಕವೂ ಬಾಕಿಯಿಲ್ಲ. ನಾವು ನೋಡಬೇಕಾದದ್ದು ಅಳುವವರ ಮುಖವನ್ನು.

ಕೋಟೆ ಬಿದ್ದ ಮೇಲೆ ಸೆರೆಯಿಂದ ಬಿಡುಗಡೆಯಾದವರು ಹೊರಗೆ ಬಂದರು. ಸಾವಿರಾರು ಜನ ಮಂಗಳೂರಿಗೆ ಹಿಂತಿರುಗಿದರು, ಬಹಳ ಜನ ಮೈಸೂರು ಸೀಮೆಯಲ್ಲೇ ಉಳಿದರು. ಅವರ ಸ್ಥಿತಿ ಊಹಿಸಿಕೊಳ್ಳಿ. ಹದಿನೈದು ವರ್ಷದಲ್ಲಿ ತಂದೆ ತಾಯಿ, ಗಂಡ ಹೆಂಡತಿ, ಮಕ್ಕಳನ್ನು ಕಳೆದುಕೊಂಡವರು. ಸತ್ತವರಿಗೆ ಒಂದು ಬಲಿಪೂಜೆ ಇಲ್ಲ, ಒಂದು ಶಿಲುಬೆ ನೆಟ್ಟ ಸಮಾಧಿ ಇಲ್ಲ. ಸೆರೆಯಲ್ಲಿ ಹುಟ್ಟಿದ ಮಕ್ಕಳಿಗೆ ಜ್ಞಾನಸ್ನಾನ ಕೊಡುವವರಿರಲಿಲ್ಲ. ಇದಕ್ಕೆಲ್ಲ ಮಿಗಿಲಾಗಿ ಇನ್ನೊಂದು ನೋವು: ಬಲವಂತಕ್ಕೆ ಒಳಗಾಗಿ ವಿಶ್ವಾಸವನ್ನು ನಿರಾಕರಿಸಿದ ನಾಚಿಕೆ. ಸತ್ತವರಿಗಾಗಿ ಅಳುವುದು ಒಂದು ಬಗೆ. ತಾನು ದೇವರನ್ನೇ ಕಳೆದುಕೊಂಡೆ, ಮತ್ತೆ ಯಾವ ಮುಖ ಹೊತ್ತು ಗುಡಿಗೆ ಹೋಗಲಿ ಎಂದು ಅಳುವುದು ಇನ್ನೊಂದು ಬಗೆ. ಅದನ್ನು ಯಾರಿಗೂ ಹೇಳಿಕೊಳ್ಳಲಾಗುವುದಿಲ್ಲ.

ಆಗ ಶ್ರೀರಂಗಪಟ್ಟಣದ ಆಡಳಿತ ಕರ್ನಲ್ ಆರ್ಥರ್ ವೆಲ್ಲೆಸ್ಲಿಯ ಕೈಯಲ್ಲಿತ್ತು. ಚದುರಿಹೋದ ಕ್ರೈಸ್ತರನ್ನು ಮತ್ತೆ ಒಂದುಗೂಡಿಸಲು ಒಬ್ಬ ಗುರುವನ್ನು ಕರೆಸಲಾಯಿತು. ಹಾಗೆ ಬಂದವರೇ ಅಬ್ಬೆ ದುಬ್ವಾ. ವಯಸ್ಸು ಮೂವತ್ತಮೂರು.

ತೆರೆದ ಬಾಗಿಲು, ನೋಯುವ ಮನಸ್ಸು

ಬಂದ ಗುರುವಿನ ಕೆಲಸ ಸುಲಭದ್ದಾಗಿರಲಿಲ್ಲ. ಹಿಂತಿರುಗಿದವರನ್ನು ಸೇರಿಸಿಕೊಳ್ಳಬೇಕು, ಒಡೆದ ಸಮುದಾಯವನ್ನು ಕಟ್ಟಬೇಕು, ಇಡೀ ಮೈಸೂರು ಸೀಮೆಯನ್ನು ಸುತ್ತಬೇಕು. ಜೊತೆಗಾರರೆಂದರೆ ಬೆರಳೆಣಿಕೆಯ ಜನ. ಶ್ರೀರಂಗಪಟ್ಟಣದ ಗಂಜಾಮಿನಲ್ಲಿರುವ ಹಳೆಯ ದೇವಾಲಯವನ್ನು ಇಂದಿಗೂ ಅವರ ಹೆಸರಿನಿಂದಲೇ ಗುರುತಿಸುತ್ತಾರೆ. ಮೈಸೂರು ನೋಡಲು ಹೋಗುವ ನಮ್ಮ ಕುಟುಂಬಗಳು ಅಲ್ಲಿ ಒಂದು ಗಳಿಗೆ ಮಂಡಿಯೂರಿ ಬರಬಹುದು.

ಹಾಸನದ ಹತ್ತಿರದ ಸಾತಳ್ಳಿಯಲ್ಲಿ ಅವರು ಬಡ ಕ್ರೈಸ್ತರಿಗಾಗಿ ಬೇಸಾಯದ ನೆಲೆಯೊಂದನ್ನು ಮಾಡಿದರು. ಊರು, ಹೊಲ, ಬಂಧುಬಳಗ ಕಳೆದುಕೊಂಡವರಿಗೆ ಬರೀ ಪ್ರಾರ್ಥನೆ ಸಾಲುವುದಿಲ್ಲ. ಉಳಲು ನೆಲ ಬೇಕು, ಮಕ್ಕಳ ಹೊಟ್ಟೆಗೆ ರಾಗಿ ಬೇಕು. ಸಂತೆಯಿಂದ ಸಂತೆಗೆ ಅಲೆಯುವವನ ದುಃಖ ಆರುವುದಿಲ್ಲ, ಒಂದು ಕಡೆ ನೆಲೆ ನಿಂತವನಿಗೆ ಅಳಲಿಕ್ಕೂ ಒಂದು ಗೋಡೆ ಸಿಗುತ್ತದೆ. ಸಾತಳ್ಳಿಯಲ್ಲಿ ಕ್ರೈಸ್ತರ ಊರು ಇಂದಿಗೂ ಇದೆ.

ಆದರೆ ದೊಡ್ಡ ಸ್ವಾಮಿಗಳ ಮನಸ್ಸಿನೊಳಗೆ ಒಂದು ಮುಳ್ಳು ಉಳಿದುಕೊಂಡಿತ್ತು. ಸೆರೆಯಾದ ಅಷ್ಟು ಸಾವಿರ ಜನರಲ್ಲಿ ವಿಶ್ವಾಸಕ್ಕಾಗಿ ಪ್ರಾಣ ಕೊಟ್ಟವರು ಒಬ್ಬರೂ ಇಲ್ಲವಲ್ಲ ಎಂದು ಅವರು ಮುಂದೆ ಬಹಳ ಕಹಿಯಿಂದ ಬರೆದರು. ಸ್ವಂತ ದೇಶದಲ್ಲಿ ಗುರುಗಳು ಪ್ರಮಾಣ ಮಾಡುವುದಕ್ಕಿಂತ ಸಾಯುವುದೇ ಮೇಲೆಂದು ಸತ್ತ ಕಾಲದಿಂದ ಬಂದವರು ಅವರು. ಹಾಗಾಗಿ ಅವರಿಗೆ ಹಾಗೆ ಅನ್ನಿಸಿದ್ದು ಅರ್ಥವಾಗುತ್ತದೆ. ಆದರೂ ಆ ಮಾತನ್ನು ಒಪ್ಪಿಕೊಳ್ಳಲು ನನ್ನ ಮನಸ್ಸು ಬರುವುದಿಲ್ಲ. ಗುರುವಿಲ್ಲದೆ, ಪರಮಪ್ರಸಾದವಿಲ್ಲದೆ ಹದಿನೈದು ವರ್ಷ ಕಳೆದ ಮೇಲೂ, ಬಾಗಿಲು ತೆರೆದ ಕೂಡಲೇ ಸಾವಿರಾರು ಜನ ಹಿಂತಿರುಗಿ ಬಂದರಲ್ಲ? ಒಳಗೆ ಕೆಂಡವಿಲ್ಲದಿದ್ದರೆ ಊದಿದ ತಕ್ಷಣ ಬೆಂಕಿ ಹೊತ್ತಿಕೊಳ್ಳುತ್ತಿತ್ತೇ? ಪೇತ್ರ ಮೂರು ಸಲ ತನ್ನ ಗುರುವನ್ನು ಅರಿಯೆನೆಂದವನು, ಆಮೇಲೆ ಹೊರಗೆ ಹೋಗಿ ಅತ್ತವನು. ಪುನರುತ್ಥಾನದ ನಂತರ ಯೇಸುಸ್ವಾಮಿ ಅವನ ಹಳೆಯ ಮಾತನ್ನು ಕೆದಕಲಿಲ್ಲ. ಸರೋವರದ ದಡದಲ್ಲಿ ಕೆಂಡದ ಮೇಲೆ ಮೀನು ಸುಟ್ಟು ಊಟಕ್ಕೆ ಕರೆದರು, ಆಮೇಲೆ ಕುರಿಗಳನ್ನು ಅವನಿಗೇ ಒಪ್ಪಿಸಿದರು.

ಇಲ್ಲಿ ನನಗೆ ಕಾಣುವುದು ಒಂದು ದೊಡ್ಡ ಸಂಗತಿ. ಗುರುವಿನ ಮನಸ್ಸು ಕಹಿಯಾಗಿತ್ತು, ಆದರೂ ಅವರು ಬಾಗಿಲನ್ನು ಮುಚ್ಚಲಿಲ್ಲ. ಅವರ ಅಭಿಪ್ರಾಯಕ್ಕಿಂತ ಅವರ ಕೆಲಸ ದೊಡ್ಡದಾಗಿತ್ತು. ದೇವರ ಸಾಂತ್ವನ ನಮ್ಮ ಮನಸ್ಸಿನ ಅಳತೆಯಷ್ಟೇ ಇರುವುದಿಲ್ಲ, ನಮ್ಮ ಕೈಗಳ ಮೂಲಕ ನಮ್ಮನ್ನೂ ಮೀರಿ ಹರಿಯುತ್ತದೆ.

ಮಕ್ಕಳ ಸಾವಿಗೆ ಎದುರು ನಿಂತವರು

ಆ ಕಾಲದಲ್ಲಿ ಯುದ್ಧಕ್ಕಿಂತ ಹೆಚ್ಚು ಮನೆಗಳನ್ನು ಬರಿದು ಮಾಡುತ್ತಿದ್ದದ್ದು ಸಿಡುಬು. ನಮ್ಮ ಅಜ್ಜಿಯರು ಅದನ್ನು ಹೆಸರು ಹಿಡಿದು ಹೇಳಲೂ ಹೆದರುತ್ತಿದ್ದರು. ಅಮ್ಮ ಬಂದಿದ್ದಾಳೆ, ಮೈಲಿ ಎದ್ದಿದೆ ಎನ್ನುತ್ತಿದ್ದರು. ಬಂದರೆ ಮಕ್ಕಳು ಸಾಲುಸಾಲಾಗಿ ಸಾಯುತ್ತಿದ್ದರು, ಉಳಿದವರಲ್ಲಿ ಕೆಲವರ ಕಣ್ಣು ಹೋಗುತ್ತಿತ್ತು, ಮುಖದ ಮೇಲಿನ ಕಲೆ ಜೀವನಪೂರ್ತಿ ಹೋಗುತ್ತಿರಲಿಲ್ಲ.

1796ರಲ್ಲಿ ಇಂಗ್ಲೆಂಡಿನ ಡಾಕ್ಟರ್ ಎಡ್ವರ್ಡ್ ಜೆನ್ನರ್ ಹಸುವಿನ ಸಿಡುಬಿನ ಕೀವನ್ನು ಒಬ್ಬ ಹುಡುಗನ ತೋಳಿಗೆ ಹಾಕಿ, ಅದರಿಂದ ಮನುಷ್ಯರ ಸಿಡುಬು ತಡೆಯಬಹುದೆಂದು ತೋರಿಸಿದರು. ಬಿಎಸ್ಸಿ ಓದುವಾಗ ಈ ಪಾಠ ನನಗೆ ಎರಡು ಅಂಕದ ಪ್ರಶ್ನೆಯಾಗಿತ್ತು, ಅಷ್ಟೇ. ಅದು ನಮ್ಮ ನಾಡಿಗೆ ಬಂದ ರೀತಿ ತಿಳಿದ ಮೇಲೆ ಮೈ ಜುಮ್ಮೆಂದಿತು. ಆಗ ಫ್ರಿಜ್ ಇಲ್ಲ, ಐಸ್ ಇಲ್ಲ. ಸೆಕೆಗೆ ಕೀವು ಒಣಗಿ ಶಕ್ತಿ ಕಳೆದುಕೊಳ್ಳುತ್ತಿತ್ತು. ಅದಕ್ಕೆ ಒಂದೇ ದಾರಿ: ಒಂದು ಮಗುವಿನ ತೋಳಿಗೆ ಹಾಕುವುದು, ಸುಮಾರು ಎಂಟು ದಿನಕ್ಕೆ ಅಲ್ಲಿ ಗುಳ್ಳೆ ಎದ್ದಾಗ ಅದರ ನೀರನ್ನು ತೆಗೆದು ಇನ್ನೊಂದು ಮಗುವಿನ ತೋಳಿಗೆ ಹಾಕುವುದು. ಹೀಗೆ ತೋಳಿಂದ ತೋಳಿಗೆ, ಮಗುವಿಂದ ಮಗುವಿಗೆ ದಾಟುತ್ತಾ ಬಾಗ್ದಾದ್, ಬಸ್ರಾ ದಾರಿಯಾಗಿ ಆ ಲಸಿಕೆ 1802ರ ಜೂನ್ ತಿಂಗಳಲ್ಲಿ ಬೊಂಬಾಯಿಗೆ ಬಂತು. ಭಾರತದಲ್ಲಿ ಅದನ್ನು ಮೊದಲು ಪಡೆದದ್ದು ಮೂರು ವರ್ಷದ ಒಬ್ಬ ಹುಡುಗಿ.

ಅದು ಬಂದು ಎರಡು ವರ್ಷ ತುಂಬುವುದರೊಳಗೆ ಅಬ್ಬೆ ದುಬ್ವಾ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಲಸಿಕೆಯ ಕೆಲಸಕ್ಕೆ ಕೈಹಾಕಿದ್ದರು. 1803 ಮತ್ತು 1804ರಲ್ಲಿ ಅವರ ಮೇಲ್ವಿಚಾರಣೆಯಲ್ಲಿ 25,432 ಜನರಿಗೆ ಲಸಿಕೆ ಹಾಕಲಾಯಿತೆಂದು ದಾಖಲೆ ಹೇಳುತ್ತದೆ. ರೈಲಿಲ್ಲದ, ಮೋಟಾರಿಲ್ಲದ ಆ ಕಾಲದಲ್ಲಿ ಈ ಲೆಕ್ಕ ಎಷ್ಟು ದೊಡ್ಡದೆಂದು ಯೋಚಿಸಿ. ಜನರ ಹೆದರಿಕೆಯೂ ಸಣ್ಣದಾಗಿರಲಿಲ್ಲ. ಬೇರೆ ಜಾತಿಯ ಮಗುವಿನ ಮೈಯಿಂದ ತೆಗೆದದ್ದನ್ನು ನಮ್ಮ ಮಗುವಿಗೆ ಹಾಕುವುದೇ? ಅಮ್ಮ ಮುನಿದರೆ? ಪರಂಗಿಯವರು ಗುರುತು ಹಾಕಿ ಹಿಡಿದುಕೊಂಡು ಹೋದರೆ? ಅಂಥ ಪ್ರಶ್ನೆಗಳಿಗೆ ಸರ್ಕಾರದ ಆಜ್ಞೆ ಉತ್ತರವಾಗುವುದಿಲ್ಲ. ನಂಬಿಕೆ ಗಳಿಸಿದ ಒಬ್ಬ ಮನುಷ್ಯ ಅಂಗಳದಲ್ಲಿ ಕುಳಿತು ಮಾತಾಡಬೇಕು. ಪೇಟ ಸುತ್ತಿದ ಸ್ವಾಮಿಗಳು ಆ ಮನುಷ್ಯರಾದರು.

ಅದೇ ಸುಮಾರಿಗೆ ಮೈಸೂರು ಅರಮನೆಯ ಎಳೆಯ ರಾಣಿ ದೇವಾಜಮ್ಮಣ್ಣಿಯವರೂ ಲಸಿಕೆ ಹಾಕಿಸಿಕೊಂಡರು. ಸೀರೆಯ ಸೆರಗನ್ನು ಸರಿಸಿ ತೋಳು ತೋರಿಸುವಂಥ ರಾಣಿಯೊಬ್ಬರ ಚಿತ್ರ ಸುಮಾರು 1805ರದ್ದು. ಅದು ಜನರ ಹೆದರಿಕೆ ಬಿಡಿಸಲು ಬರೆಸಿದ್ದು ಎಂದು ಇತಿಹಾಸಕಾರರು ಹೇಳುತ್ತಾರೆ. ಅರಮನೆಯಲ್ಲಿ ರಾಣಿ, ಹಳ್ಳಿಯಲ್ಲಿ ಸ್ವಾಮಿ. ಇಬ್ಬರೂ ಒಂದೇ ಕೆಲಸ ಮಾಡಿದರು.

ಮಗು ಸತ್ತ ಮೇಲೆ ತಾಯಿಗೆ ಹೇಳುವ ಸಾಂತ್ವನ ಒಂದು. ಮಗು ಸಾಯದಂತೆ ನೋಡಿಕೊಳ್ಳುವ ಸಾಂತ್ವನ ಇನ್ನೊಂದು. ದೇವರ ಚಿತ್ತ ಎಂದು ಹೇಳಿ ಕೈಕಟ್ಟಿ ಕೂರುವುದು ಸುಲಭ. ದೇವರ ಚಿತ್ತ ಮಕ್ಕಳು ಬದುಕಬೇಕೆಂಬುದೇ ಆಗಿದ್ದರೆ, ಅದಕ್ಕಾಗಿ ಬಿಸಿಲಲ್ಲಿ ನಡೆಯಬೇಕಾದವರು ನಾವು. ಲಾಜರನ ಸಮಾಧಿಯ ಮುಂದೆ ಯೇಸುಸ್ವಾಮಿ ಅತ್ತರು. ಅತ್ತ ನಂತರ ಸುಮ್ಮನೆ ಹಿಂತಿರುಗಲಿಲ್ಲ, ಕಲ್ಲನ್ನು ಸರಿಸಲು ಅಲ್ಲಿದ್ದವರಿಗೆ ಹೇಳಿದರು. ಜೀವ ಕೊಡುವುದು ದೇವರ ಕೆಲಸ, ಕಲ್ಲು ಸರಿಸುವುದು ನಮ್ಮ ಪಾಲಿನದು.

ಸಂತೈಸುವವನಿಗೆ ಯಾರು ಸಾಂತ್ವನ?

ಮೂವತ್ತು ವರ್ಷ ಕಳೆಯಿತು. ದೊಡ್ಡ ಸ್ವಾಮಿಗಳಿಗೆ ದಣಿವಾಗಿತ್ತು. ತಮ್ಮ ಕೆಲಸವನ್ನು ಅವರು ತಾವೇ ತೂಗಿ ನೋಡಿದಾಗ ತಕ್ಕಡಿ ಏಳಲಿಲ್ಲ. ಇಷ್ಟು ವರ್ಷದಲ್ಲಿ ತಮ್ಮಿಂದ ಹೊಸದಾಗಿ ವಿಶ್ವಾಸಕ್ಕೆ ಬಂದವರು ಇನ್ನೂರು ಮುನ್ನೂರು ಜನ ಮಾತ್ರ, ಅವರಲ್ಲೂ ಬಹಳ ಜನ ಬಿಟ್ಟುಹೋದರು ಎಂದು ಲೆಕ್ಕ ಹಾಕಿದರು. ಈ ದೇಶದಲ್ಲಿ ಕ್ರೈಸ್ತ ಧರ್ಮಕ್ಕೆ ಮುಂದೆ ದಾರಿಯೇ ಇಲ್ಲವೆಂಬ ಅರ್ಥ ಬರುವ ಪತ್ರಗಳನ್ನು ಬರೆದರು. ಅವು 1823ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ಬಂದಾಗ ದೊಡ್ಡ ಗದ್ದಲವೆದ್ದಿತು. ಮರುವರ್ಷವೇ ಪ್ರೊಟೆಸ್ಟೆಂಟ್ ಪಾದ್ರಿಗಳಾದ ಜೇಮ್ಸ್ ಹೌ ಮತ್ತು ಹೆನ್ರಿ ಟೌನ್ಲಿ ಅವಕ್ಕೆ ಉತ್ತರವಾಗಿ ಪುಸ್ತಕಗಳನ್ನು ಬರೆದರು.

ಆ ಪತ್ರಗಳನ್ನು ಹಲವರು ಬರೀ ವಾದವೆಂದು ಓದುತ್ತಾರೆ. ನನಗೆ ಅವು ಶೋಕದ ಪತ್ರಗಳಂತೆ ಕಾಣುತ್ತವೆ. ಮಗುವನ್ನು ಕಳೆದುಕೊಂಡ ತಂದೆ ಹೇಗೆ ಮಾತಾಡುತ್ತಾನೋ, ಆಸೆಯನ್ನು ಕಳೆದುಕೊಂಡ ಗುರು ಹಾಗೆ ಬರೆದರು. ಎಷ್ಟೋ ಸಾವಿನ ಮನೆಗಳಲ್ಲಿ ಪ್ರಾರ್ಥನೆ ಹೇಳಿದವರ ಎದೆಯೊಳಗೇ ಒಂದು ಸಾವು ನಡೆದಿತ್ತು.

1823ರ ಜನವರಿ 15ರಂದು ಅವರು ಭಾರತವನ್ನು ಬಿಟ್ಟರು. ಕಂಪನಿ ಅವರಿಗೆ ಪಿಂಚಣಿ ಕೊಟ್ಟಿತು. ಮತ್ತೆ ಅವರು ಈ ಕಡೆ ಬರಲಿಲ್ಲ. ಪ್ಯಾರಿಸ್ಸಿನಲ್ಲಿ ತಮ್ಮ ಸಭೆಯ ಗುರುಮಠದಲ್ಲಿ ನಿರ್ದೇಶಕರಾಗಿ, 1836ರಿಂದ 1839ರವರೆಗೆ ಅದರ ಮುಖ್ಯಸ್ಥರಾಗಿ ದುಡಿದರು. ಪಂಚತಂತ್ರದ ಕಥೆಗಳನ್ನು ಫ್ರೆಂಚಿಗೆ ತಂದರು; ಅದು 1826ರಲ್ಲಿ ಅಚ್ಚಾಯಿತು. ನೋಡಿ, ಇದು ನನಗೆ ಬಹಳ ಇಷ್ಟವಾದ ಸಂಗತಿ. ಈ ದೇಶದಲ್ಲಿ ತನ್ನ ಕೆಲಸವೆಲ್ಲ ವ್ಯರ್ಥವಾಯಿತೆಂದುಕೊಂಡವರು, ಆ ದೇಶದ ಮೊಸಳೆ ಕೋತಿ, ಸಿಂಹ ಮೊಲದ ಕಥೆಗಳನ್ನು ಹೊತ್ತುಕೊಂಡು ಹೋಗಿ ತಮ್ಮ ಜನರಿಗೆ ಹೇಳಿದರು. ಕೈ ತೊಳೆದುಕೊಂಡವರು ಹಾಗೆ ಮಾಡುತ್ತಾರೆಯೇ? ಪ್ರೀತಿ ಸತ್ತಿರಲಿಲ್ಲ.

ಅಷ್ಟಕ್ಕೂ ಮಿಗಿಲಾಗಿ, ಇಲ್ಲಿಗೆ ಬರಲು ಸಿದ್ಧರಾಗುತ್ತಿದ್ದ ಯುವ ಗುರುಗಳನ್ನು ಅದೇ ಮನೆಯಲ್ಲಿ ತಯಾರು ಮಾಡುತ್ತಿದ್ದರು. ದಾರಿಯಿಲ್ಲವೆಂದು ಬರೆದವರ ಮನೆಯಿಂದಲೇ ದಾರಿ ಹಿಡಿದು ಬಂದವರು ಬಹಳ ಜನ.

1848ರ ಫೆಬ್ರವರಿ 17ರಂದು ಅಬ್ಬೆ ದುಬ್ವಾ ಪ್ಯಾರಿಸ್ಸಿನಲ್ಲಿ ತೀರಿಕೊಂಡರು. ಒಂದು ವಾರ ಕಳೆಯುವುದರೊಳಗೆ ಆ ನಗರದಲ್ಲಿ ಮತ್ತೊಂದು ಕ್ರಾಂತಿ ಎದ್ದಿತು. ಒಂದು ಕ್ರಾಂತಿಯ ಬೆಂಕಿಯಲ್ಲಿ ಮನೆ ಬಿಟ್ಟವರು ಇನ್ನೊಂದರ ಹೊಗೆ ಏಳುವ ಮುನ್ನ ದೇವರ ಮನೆ ಸೇರಿದರು.

ಅವರು ನೋಡದೆ ಹೋದದ್ದು

ಅವರು ಸತ್ತು ಎರಡು ವರ್ಷಕ್ಕೆ, 1850ರಲ್ಲಿ, ಮೈಸೂರು ಪ್ರತ್ಯೇಕ ಪ್ರೇಷಿತ ಪ್ರಾಂತ್ಯವಾಯಿತು, 1886ರಲ್ಲಿ ಧರ್ಮಕ್ಷೇತ್ರವಾಯಿತು. ಬೆಂಗಳೂರು ಅದರಿಂದ 1940ರಲ್ಲಿ ಬೇರೆಯಾಯಿತು. ನಮ್ಮ ಕಡೆ 1930ರಲ್ಲಿ ಸೇಲಂ, 1997ರಲ್ಲಿ ನಮ್ಮ ಧರ್ಮಪುರಿ ಧರ್ಮಕ್ಷೇತ್ರಗಳು ಹುಟ್ಟಿದವು. ಮುಂದೆ ದಾರಿಯಿಲ್ಲವೆಂದು ಅವರು ಬರೆದ ನಾಡಿನಲ್ಲಿ ಕುಳಿತು ಇಂದು ನಾವು ಅವರ ಬಗ್ಗೆ ಕನ್ನಡದಲ್ಲಿ ಓದುತ್ತಿದ್ದೇವೆ.

ಸಿಡುಬು? 1975ರ ಮೇ ತಿಂಗಳ ನಂತರ ಭಾರತದಲ್ಲಿ ಯಾರಿಗೂ ಅದು ಬಂದಿಲ್ಲ. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಡೀ ಲೋಕವೇ ಅದರಿಂದ ಮುಕ್ತವಾಯಿತೆಂದು ಸಾರಿತು. ನಮ್ಮ ಅಜ್ಜ ಅಜ್ಜಿಯರ ತೋಳಿನ ಮೇಲೆ ಇರುವ ಆ ದುಂಡನೆಯ ಕಲೆ ನಮ್ಮ ತೋಳಿನ ಮೇಲೆ ಇಲ್ಲ. ಅದು ಇಲ್ಲದಿರುವುದೇ ಒಂದು ಸಾಂತ್ವನ. ಅದಕ್ಕಾಗಿ ದುಡಿದವರ ಸಾಲಿನ ಮೊದಲ ಕೆಲವರಲ್ಲಿ ದೊಡ್ಡ ಸ್ವಾಮಿಗಳಿದ್ದರು.

ದೇವರ ಸಾಂತ್ವನ ಎಂದರೆ ಕಣ್ಣೀರು ಕೂಡಲೇ ಒಣಗುವುದು ಎಂದು ನಾವು ಎಣಿಸುತ್ತೇವೆ. ಪ್ರಾರ್ಥಿಸಿದೆ, ಆದರೂ ಎದೆ ಹಗುರವಾಗಲಿಲ್ಲ, ಹಾಗಾದರೆ ದೇವರು ಕೇಳಲಿಲ್ಲವೇ ಎಂದು ಕುಗ್ಗುತ್ತೇವೆ. ಈ ಜೀವನ ಬೇರೆ ಮಾತು ಹೇಳುತ್ತದೆ. ಸಾಂತ್ವನ ಕೆಲವೊಮ್ಮೆ ಬಿತ್ತಿದವನ ಕಾಲಕ್ಕೆ ಮೊಳೆಯುವುದಿಲ್ಲ, ಅವನ ಮೊಮ್ಮಕ್ಕಳ ಕಾಲಕ್ಕೆ ತೆನೆಯಾಗುತ್ತದೆ. ಅಳುವವರು ಧನ್ಯರೆಂದು ಸ್ವಾಮಿ ಬೆಟ್ಟದ ಮೇಲೆ ಕಲಿಸಿದಾಗ ಅದು ನಾಳೆಯೇ ನಡೆಯುತ್ತದೆ ಎಂದು ತಾರೀಖು ಕೊಡಲಿಲ್ಲ. ಕೊಟ್ಟ ಮಾತನ್ನು ಮಾತ್ರ ಉಳಿಸಿಕೊಳ್ಳುತ್ತಾರೆ.

ನಮಗೇನು ಕೆಲಸ?

ಕೊರೊನಾ ಕಾಲದಲ್ಲಿ ಎಷ್ಟೋ ಮನೆಯವರು ತಮ್ಮವರ ಮುಖವನ್ನು ಕೊನೆಯ ಸಲ ನೋಡಲಾಗದೆ, ನಾಲ್ಕು ಜನ ಸೇರಿಸಿ ಮಣ್ಣು ಮಾಡಲಾಗದೆ ಕಳುಹಿಸಿಕೊಟ್ಟರು. ಆ ಅಳು ಕೆಲವರಲ್ಲಿ ಇನ್ನೂ ಗಂಟಲಲ್ಲೇ ನಿಂತಿದೆ. ಕೆಲವರು ಆಗ ಚರ್ಚಿಗೆ ಬರುವುದನ್ನು ಬಿಟ್ಟವರು, ಈಗ ಬರಲು ನಾಚಿಕೊಳ್ಳುತ್ತಿದ್ದಾರೆ. ಇಷ್ಟು ದಿನ ಎಲ್ಲಿದ್ದೆ ಎಂದು ಯಾರಾದರೂ ಕೇಳಿಬಿಟ್ಟರೆ ಎಂಬ ಭಯ. ಶ್ರೀರಂಗಪಟ್ಟಣದ ಸೆರೆಯಿಂದ ಬಂದವರ ಭಯವೂ ಇದೇ ಅಲ್ಲವೇ? ನಮ್ಮ ಧರ್ಮಕೇಂದ್ರದ ಬಾಗಿಲಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳದಿರಲಿ. ಬಂದವರಿಗೆ ಬೆಂಚಿನ ಮೇಲೆ ಸ್ವಲ್ಪ ಜರುಗಿ ಜಾಗ ಕೊಟ್ಟರೆ ಸಾಕು.

ಸಾವಿನ ಮನೆಗೆ ಹೋದಾಗ ಏನು ಮಾತಾಡಬೇಕೆಂದು ನಮ್ಮ ಯುವಕರು ಕೇಳುತ್ತಾರೆ. ಯೋಬನ ಗೆಳೆಯರು ಏಳು ದಿನ ಅವನ ಪಕ್ಕದಲ್ಲಿ ನೆಲದ ಮೇಲೆ ಮಾತಿಲ್ಲದೆ ಕುಳಿತಿದ್ದರು. ಅವರು ಒಳ್ಳೆಯ ಗೆಳೆಯರಾಗಿದ್ದದ್ದು ಆ ಏಳು ದಿನ. ಬಾಯಿ ತೆರೆದು ಕಾರಣ ವಿವರಿಸಲು ಹ�ೊರಟ ಮೇಲೆ ಗಾಯಕ್ಕೆ ಉಪ್ಪು ಹಾಕಿದರು. ಆದ್ದರಿಂದ ಮಾತು ಬಾರದಿದ್ದರೆ ಚಿಂತೆಯಿಲ್ಲ. ನೀರು ತಂದುಕೊಡಿ, ಕುರ್ಚಿ ಹಾಕಿ, ಮಕ್ಕಳಿಗೆ ಊಟ ಮಾಡಿಸಿ. ಆ ಮನೆಯವರು ತೆಲುಗಿನವರಾಗಿದ್ದರೆ ತೆಲುಗಿನಲ್ಲಿ, ತಮಿಳಿನವರಾಗಿದ್ದರೆ ತಮಿಳಿನಲ್ಲಿ ಒಂದು ಜಪಸರ ಹೇಳಿ. ಅವರ ಭಾಷೆಯಲ್ಲಿ ಹೇಳಿದ ಒಂದು ನಮೋ ಮರಿಯಾ ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದು ಮೂರು ಭಾಷೆಯ ಈ ಸೀಮೆಯವರಿಗೆ ಹೇಳಿಕೊಡಬೇಕಿಲ್ಲ.

ಇನ್ನೊಂದು ಮಾತು. ಮಣ್ಣಿನ ದಿನ ಮನೆ ತುಂಬ ಜನ ಇರುತ್ತಾರೆ. ತಿಂಗಳು ಕಳೆದ ಮೇಲೆ ಯಾರೂ ಇರುವುದಿಲ್ಲ. ದುಃಖ ನಿಜವಾಗಿ ಮನೆಗೆ ಬಂದು ಕೂರುವುದು ಆಗಲೇ. ಈ ನವೆಂಬರಿನಲ್ಲಿ ನಮ್ಮ ಯುವಕರ ಸಂಘದವರು ಕಳೆದ ಒಂದು ವರ್ಷದಲ್ಲಿ ಸಾವು ಕಂಡ ಮನೆಗಳಿಗೆ ಇಬ್ಬಿಬ್ಬರಾಗಿ ಹೋಗೋಣ. ಉಪದೇಶ ಬೇಡ, ಪುಸ್ತಕ ಬೇಡ. ತೀರಿಹೋದವರ ಬಗ್ಗೆ ಅವರು ಏನು ಹೇಳುತ್ತಾರೋ ಕೇಳಿ ಬರೋಣ. ಹೆಸರುಗಳನ್ನು ಬರೆದುಕೊಂಡು ಬಂದು ಭಾನುವಾರದ ಬಲಿಪೂಜೆಯಲ್ಲಿ ಪೀಠದ ಮುಂದೆ ಇಡೋಣ. ಎಮ್ಮಾವುಸಿನ ದಾರಿಯಲ್ಲಿ ಸ್ವಾಮಿ ಮೊದಲು ಮಾಡಿದ್ದೂ ಇದನ್ನೇ. ಆ ಇಬ್ಬರು ಶಿಷ್ಯರ ಜೊತೆ ಹೆಜ್ಜೆ ಹಾಕಿ, ಏಕೆ ದುಃಖದಲ್ಲಿದ್ದೀರಿ ಎಂದು ಕೇಳಿ, ಅವರು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. ರೊಟ್ಟಿ ಮುರಿದದ್ದು ಆಮೇಲೆ.

ಸಮಾಧಿಗಳಲ್ಲಿ ಮೇಣದಬತ್ತಿ ಹಚ್ಚುವಾಗ ಒಂದನ್ನು ದೊಡ್ಡ ಸ್ವಾಮಿಗಳಿಗಾಗಿಯೂ, ಘಟ್ಟದ ದಾರಿಯಲ್ಲಿ ಶಿಲುಬೆಯಿಲ್ಲದೆ ಮಣ್ಣಾದ ಆ ಹೆಸರಿಲ್ಲದವರಿಗಾಗಿಯೂ ಹಚ್ಚಿರಿ. ಕರ್ತರೇ, ಅವರೆಲ್ಲರಿಗೂ ನಿತ್ಯ ವಿಶ್ರಾಂತಿಯನ್ನು ದಯಪಾಲಿಸಿರಿ. ಅಳುತ್ತಿರುವ ನಮಗೆ ಒಬ್ಬರಿಗೊಬ್ಬರು ಸಾಂತ್ವನವಾಗುವ ಮನಸ್ಸನ್ನು ಕೊಡಿರಿ. ಆಮೆನ್.